ಸೊರಬದ ಹೆಂಚು, ಶಿಕಾರಿಪುರದ ತಗಡು

ಆ ಚಳಿಗಾಲದಲ್ಲಿ ನನ್ನ ಕತ್ತು ಕೆಳಗೆ ಬಗ್ಗುವುದನ್ನೇ ಮರೆತಿತ್ತು. ಬೆಳಗಿನಿಂದ ಸಂಜೆಯವರೆಗೆ ಕೋಳಿ ಶೆಡ್ಡಿನ ಚಾವಣಿಯಡಿ ಅಟ್ಟಣಿಗೆ ಹಾಕಿಕೊಂಡು, ತಲೆ ಹಿಂದಕ್ಕೆ ಚೆಲ್ಲಿ, ಎರಡೂ ಕೈ ಮೇಲೆತ್ತಿ ಬೆಳ್ಳಿ ಬಣ್ಣದ ಹಾಳೆ ಕಟ್ಟುವುದು ನಮ್ಮ ಕೆಲಸ. ಒಳಗೆ ಗಾಳಿಗುಳ್ಳೆ ತುಂಬಿರುವ ಆ ಹಾಳೆಗೆ ಬಬಲ್ ಶೀಟು ಅನ್ನುತ್ತೇವೆ. ಅದನ್ನು ಕಟ್ಟಿದರೆ ಚಳಿಯಲ್ಲಿ ಒಳಗಿನ ಕಾವು ಹೊರಗೆ ಹೋಗುವುದಿಲ್ಲ, ಬೇಸಿಗೆಯಲ್ಲಿ ಹೊರಗಿನ ಬಿಸಿ ಒಳಗೆ ಇಳಿಯುವುದಿಲ್ಲ. ಊಟಕ್ಕೆ ಕೂತರೆ ನನಗೆ ತಟ್ಟೆ ಕಾಣುತ್ತಿರಲಿಲ್ಲ, ಜಂತಿ ಕಾಣುತ್ತಿತ್ತು. "ದೇವ್ರನ್ನ ನೋಡ್ಕಂತ ದುಡಿಯೋ ಕೆಲ್ಸ ಕಣಲೇ ಇದು" ಎಂದು ಶಿರಾಳಕೊಪ್ಪದ ನಮ್ಮ ಮೇಸ್ತ್ರಿ ಸಮಾಧಾನ ಹೇಳುತ್ತಿದ್ದರು. ನಾನು ಅಷ್ಟು ದಿನ ನೋಡಿದ್ದು ಹಲ್ಲಿಗಳನ್ನು.

ನನಗೊಂದು ಚಟವಿದೆ. ಯಾರು ಹೇಗೆ ಮಾತಾಡುತ್ತಾರೋ ಹಾಗೇ ಮಾತಾಡಿ ತೋರಿಸುವುದು. ಎಲೆಅಡಿಕೆ ತುಂಬಿದ ಬಾಯಲ್ಲಿ ಮೇಸ್ತ್ರಿ ಫೋನ್ ಮಾಡುವ ಹಾಗೆ ಮಾಡುತ್ತೇನೆ. ಕೋಳಿ ಕಂಪನಿಯ ಸೂಪರ್‌ವೈಸರ್ ಮೂಗಿನಲ್ಲಿ ಇಂಗ್ಲಿಷ್ ಬಿಡುವ ಹಾಗೆ ಬಿಡುತ್ತೇನೆ. ಮರಿಗಳನ್ನೂ ಬಿಟ್ಟಿಲ್ಲ. ಚಳಿಯಾದ ಮರಿಯ ಕೂಗು ಚೂಪು, ಹಸಿದದ್ದರ ಕೂಗು ಉದ್ದ, ಹೊಟ್ಟೆ ತುಂಬಿ ಬೆಚ್ಚಗಾದದ್ದು ಗಂಟಲಲ್ಲೇ ಏನೋ ಗುನುಗುತ್ತದೆ. ಇಷ್ಟೆಲ್ಲ ದನಿ ಇರುವವನಿಗೆ ತನ್ನದೇ ಒಂದು ದನಿ ಇಲ್ಲ ಅನ್ನುವುದು ನಮ್ಮವ್ವನ ದೂರು.

ಆ ವರ್ಷ ಮಳೆ ನಿಂತ ಮೇಲೆ ನಾವು ಮೊದಲು ಕೆಲಸ ಹಿಡಿದದ್ದು ಸೊರಬದ ಕಡೆಯ ಒಂದು ಹೆಂಚಿನ ಶೆಡ್ಡಿನಲ್ಲಿ. ಹಳೇ ಶೆಡ್ಡು, ಮರದ ತೊಲೆ, ಸೊಟ್ಟ ರೀಪು. ಶೀಟು ಕಟ್ಟಿ ಜೋಡಣೆಗೆ ಟೇಪು ಒತ್ತಲು ಹೋದರೆ ಒಂದು ಕಡೆ ಕೂರುತ್ತಿತ್ತು, ಇನ್ನೊಂದು ಕಡೆ ಏಳುತ್ತಿತ್ತು. ಅಲ್ಲಲ್ಲಿ ಬೆರಳು ತೂರುವಷ್ಟು ಸಂದು ಉಳಿದೇ ಹೋಯಿತು. ಮೇಸ್ತ್ರಿ ಬೇಜಾರಿನಲ್ಲೇ ಕೆಲಸ ಒಪ್ಪಿಸಿದರು. ಆದರೆ ಆ ಶೆಡ್ಡಿಗೆ ಮರಿ ಬಂದ ಮೇಲೆ ಇದ್ದಿಲಿನ ಖರ್ಚು ಅರ್ಧಕ್ಕೆ ಇಳಿಯಿತು. ಮರಿಗಳು ಲಕಲಕ ಅನ್ನುತ್ತಿದ್ದವು. ಹೊಗೆ ಕಡಿಮೆಯಾಗಿ ಶೆಡ್ಡಿನವನು ಕಣ್ಣು ಉಜ್ಜುವುದು ಬಿಟ್ಟ. ಕಂಪನಿಯ ಸೂಪರ್‌ವೈಸರ್ ಬಂದು ಫೋಟೋ ಹೊಡೆದುಕೊಂಡು, "ಕಾರ್ಬನ್ ಕೂಡ ಕಮ್ಮಿ ಆಗುತ್ತೆ, ಇದು ಮಾಡೆಲ್ ಶೆಡ್" ಎಂದು ಘೋಷಿಸಿದ. ಅಂದಿನಿಂದ ಶೆಡ್ಡು ನೋಡಲು ಜನ ಬರತೊಡಗಿದರು.

ಹಾಗೆ ಬಂದವರಲ್ಲಿ ಶಿಕಾರಿಪುರ ಕಡೆಯ ಅಕ್ಕ ಒಬ್ಬರು. ಅಂಬ್ಲಿಗೊಳದ ಈಚೆಗಿನ ಹಳ್ಳಿ. ಗಂಡನಿಗೆ ಹೊಲ, ಹೆಂಡತಿಗೆ ಕೋಳಿ ಶೆಡ್ಡು, ಹೀಗೆ ಆ ಮನೆಯಲ್ಲಿ ಪಾಲು. ಕಂಪನಿ ಮರಿ, ಫೀಡು, ಔಷಧಿ ಕೊಡುತ್ತದೆ, ಅಕ್ಕ ಸಾಕುತ್ತಾರೆ, ಬೆಳೆದ ಮೇಲೆ ಕಂಪನಿಯ ಲಾರಿ ಬಂದು ಒಯ್ಯುತ್ತದೆ. ಚಳಿಗಾಲದಲ್ಲಿ ಮೊದಲ ಎರಡು ವಾರ ಮರಿಗಳಿಗೆ ಕಾವು ಕೊಡಲು ತಗಡಿನ ಒಲೆಗಳಲ್ಲಿ ಇದ್ದಿಲು ಉರಿಸಬೇಕು. ಆ ಹೊಗೆಯಲ್ಲಿ ವರ್ಷಗಟ್ಟಲೆ ಕೂತು ಅಕ್ಕನಿಗೆ ಕೆಮ್ಮು ಹತ್ತಿತ್ತು. ಹೊಗೆ ಬಿಡದಿದ್ದರೆ ಕೆಮ್ಮೂ ಬಿಡುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಹಿಂದಿನ ಚಳಿಗಾಲದ ಬ್ಯಾಚಿನಲ್ಲಿ ಮರಿ ಬಹಳ ಸತ್ತು ಕಂಪನಿಯೂ ಮುಖ ತಿರುಗಿಸಿತ್ತು.

ಅಕ್ಕ ಸೊರಬದ ಶೆಡ್ಡಿನೊಳಗೆ ನಿಂತು ಒಂದು ಸಲ ಜೋರಾಗಿ ಉಸಿರು ಎಳೆದುಕೊಂಡರು. ಕೆಮ್ಮು ಬರಲಿಲ್ಲ. ಇನ್ನೊಂದು ಸಲ ಎಳೆದುಕೊಂಡರು.

"ಮೇಸ್ತ್ರಿ, ನಂದಕ್ಕೂ ಹಿಂಗೇ ಮಾಡ್ರಿ. ಹೆಚ್ಚೂ ಬ್ಯಾಡ, ಕಡಿಮಿನೂ ಬ್ಯಾಡ. ಇಲ್ಲಿ ಹೆಂಗೈತೆ ಹಂಗೆ."

"ಇದಕ್ಕಿಂತ ಚಲೋ ಮಾಡಿ ಕೊಡ್ತೀನ್ರಿ ಅಕ್ಕಾ" ಎಂದರು ಮೇಸ್ತ್ರಿ.

ಅಕ್ಕನ ಗಂಡ ಜೊತೆಗೇ ಬಂದಿದ್ದರು. ಅವರ ಕಣ್ಣು ಮರಿಗಳ ಮೇಲಿರಲಿಲ್ಲ, ಶೆಡ್ಡಿನ ಉದ್ದಗಲದ ಮೇಲಿತ್ತು. ಆ ವರ್ಷ ಅವರಿಗೆ ಮೆಕ್ಕೆಜೋಳ ಚೆನ್ನಾಗಿ ಬಂದಿತ್ತು. ದರ ಏರುವ ತನಕ ಇಡಲು ಜಾಗವಿಲ್ಲದೆ ಕಣದಲ್ಲೇ ತಾಡಪಾಲು ಹೊದಿಸಿ ಇಟ್ಟಿದ್ದರು. ಹೆಂಡತಿಯ ಶೆಡ್ಡು ಅವರ ಕಣ್ಣಿಗೆ ಗೋದಾಮಿನ ಹಾಗೆ ಕಾಣುತ್ತಿತ್ತು. ದಾರಿಯುದ್ದಕ್ಕೂ ಇಬ್ಬರೂ ಅದನ್ನೇ ಮಾತಾಡಿಕೊಂಡು ಬಂದಿದ್ದರಂತೆ. ಕೊನೆಗೆ ನಮ್ಮೆದುರೇ ಒಪ್ಪಂದವಾಯಿತು.

"ಇದೊಂದು ಬ್ಯಾಚ್ ನೋಡಾಣ" ಎಂದರು ಗಂಡ. "ಚಲೋ ಬಂತಂದ್ರೆ ಶೆಡ್ ನಿಂದು, ನಾ ಇನ್ನು ಬಾಯಿ ತೆಗ್ಯಲ್ಲ. ಹೋತು ಅಂದ್ರೆ ಮರುದಿನ ನನ್ನ ಜೋಳ ಒಳಗೆ. ಆಮೇಲೆ ಅಳಂಗಿಲ್ಲ."

"ನೀವು ಅಳಬ್ಯಾಡ್ರಿ, ಸಾಕು" ಎಂದರು ಅಕ್ಕ.

ಅಕ್ಕ ಅಂದ ಮೇಲೆ ಅವರ ಗಂಡ ನನಗೆ ಭಾವನಾದ. ಆ ಸಲಿಗೆಯನ್ನು ನಾನು ಮೊದಲ ದಿನದಿಂದಲೇ ಪೂರ್ತಿ ಬಳಸಿಕೊಂಡೆ.

ಅಕ್ಕನ ಶೆಡ್ಡಿನೊಳಗೆ ಕಾಲಿಡುವುದು ಸುಲಭವಿರಲಿಲ್ಲ. ನಾವು ಬೇರೆ ಶೆಡ್ಡಿನಿಂದ ಬಂದವರು, ಯಾವ ರೋಗ ಹೊತ್ತು ತಂದಿದ್ದೇವೋ ಎಂದು ಬಾಗಿಲಲ್ಲೇ ಚಪ್ಪಲಿ ಬಿಡಿಸಿ, ಔಷಧಿ ನೀರಿನ ತೊಟ್ಟಿಯಲ್ಲಿ ಕಾಲು ಅದ್ದಿಸಿ, ಒಳಗಿನ ಚಪ್ಪಲಿ ಕೊಡುತ್ತಿದ್ದರು. ನನಗೆ ಸಿಕ್ಕಿದ್ದು ಎರಡೂ ಎಡಗಾಲಿನವು. ಇಡೀ ಕೆಲಸ ಅದರಲ್ಲೇ ನಡೆಯಿತು. ನನ್ನ ನಡಿಗೆ ನೋಡಿ ಭಾವ, "ಏನಲೇ, ಬಾತುಕೋಳಿದೂ ಮಿಮಿಕ್ರಿ ಶುರು ಮಾಡಿಯಾ?" ಎಂದರು. ಅವತ್ತೇ ಗೊತ್ತಾಯಿತು, ಮಾತಿನಲ್ಲಿ ಈ ಮನುಷ್ಯ ನನಗಿಂತ ಹೆಚ್ಚು ತೂಕದವನು.

ಅದು ತಗಡಿನ ಶೆಡ್ಡು. ಕಬ್ಬಿಣದ ಪೈಪು ಗೆರೆ ಎಳೆದಷ್ಟು ನೆಟ್ಟಗೆ. ಪೈಪಿನಿಂದ ಪೈಪಿಗೆ ತಂತಿ ಬಿಗಿದು ಅದರ ಮೇಲೆ ಶೀಟು ಹಾಸಿ, ಜೋಡಣೆಗೆ ಟೇಪು ಒತ್ತಿದರೆ ಒಂದು ಸುಕ್ಕೂ ಇಲ್ಲ. ಅಂಚುಗಳಿಗೆ ಫೋಮು ಹೊಡೆದೆವು. ಚಾವಣಿಯ ನೆತ್ತಿಯಲ್ಲಿ ಗಾಳಿಗೆಂದು ಉದ್ದಕ್ಕೂ ಒಂದು ಕಂಡಿ ಬಿಟ್ಟಿದ್ದರು. ಸೊರಬದಲ್ಲಿ ನೆತ್ತಿಯನ್ನೂ ಮುಚ್ಚಿದ್ದೆವಲ್ಲ, ಇಲ್ಲೂ ಮುಚ್ಚಿದೆವು. ಮೇಸ್ತ್ರಿ ಕೆಳಗೆ ನಿಂತು ಟಾರ್ಚು ಬಿಟ್ಟು ಒಂದೊಂದು ಜೋಡಣೆ ನೋಡಿದರು. ಅವರ ಬಾಯಿಂದ ಹೊಗಳಿಕೆ ಬರುವುದು ಅಪರೂಪ. ಬಾಯಿ ಯಾವಾಗಲೂ ತುಂಬಿರುತ್ತದೆ. ಅವತ್ತು ಉಗಿದು ಬಂದು ಹೇಳಿದರು: "ಸೊರಬದಾಗ ಆಗಿದ್ದ ಕುಂದು ಇಲ್ಲಿ ಒಂದೂ ಇಲ್ಲ ನೋಡಲೇ."

ನೆಲಕ್ಕೆ ಸುಣ್ಣ ಬಿತ್ತು, ಅದರ ಮೇಲೆ ಭತ್ತದ ಹೊಟ್ಟು, ಹೊಟ್ಟಿನ ಮೇಲೆ ಪೇಪರು. ನಾವು ಅಟ್ಟಣಿಗೆ ಬಿಚ್ಚಿ ಹೊರಗೆ ಹಾಕುತ್ತಿದ್ದ ಹಾಗೇ ಮರಿಗಳ ಗಾಡಿ ಬಂತು. ಮರಿ ಬರುವ ದಿನವನ್ನು ಕಂಪನಿ ಗೊತ್ತು ಮಾಡುತ್ತದೆ, ನಿಮ್ಮ ಕೆಲಸ ಮುಗಿಯಿತೋ ಇಲ್ಲವೋ ಕೇಳುವುದಿಲ್ಲ.

ಮೊದಮೊದಲು ಎಲ್ಲವೂ ಹಬ್ಬ. ಅಕ್ಕ ಹಿಂದಿನ ಚಳಿಗಾಲದ ಅರ್ಧದಷ್ಟು ಒಲೆ ಹಚ್ಚಿದರೂ ಥರ್ಮಾಮೀಟರು ಏರಿ ನಿಲ್ಲುತ್ತಿತ್ತು. ಫೋನಿನಲ್ಲಿ ಅವರ ದನಿಯಲ್ಲಿ ಕೆಮ್ಮು ಇರಲಿಲ್ಲ. ನಾನು ತೊಗರ್ಸಿ ಕಡೆ ಇನ್ನೊಂದು ಶೆಡ್ಡಿನ ಅಳತೆ ತೆಗೆಯುತ್ತಿದ್ದವನು ಬಿಡುವಿನಲ್ಲಿ ಹೋಗಿ ನೋಡಿದೆ. ಮರಿಗಳು ಗದ್ದಲವಿಲ್ಲದೆ ಕೂತಿದ್ದವು. ಅಷ್ಟು ಸಾವಿರ ಮರಿ, ಒಂದು ಗಲಾಟೆ ಇಲ್ಲ. "ಸುಖವಾಗಿದ್ರೆ ಹಿಂಗೇ ಸುಮ್ನಿರ್ತಾವೆ ಅಕ್ಕಾ" ಎಂದು ತಿಳಿದವನ ಹಾಗೆ ಹೇಳಿ, ಸುಖವಾಗಿರುವ ಮರಿಯ ಗುನುಗನ್ನೂ ಮಾಡಿ ತೋರಿಸಿದೆ. ಅಕ್ಕ ನಕ್ಕರು. ನಾನು ಗುನುಗಿದ್ದು ಸರಿಯಾಗಿತ್ತು. ಆ ಶೆಡ್ಡಿನಲ್ಲಿ ಅದನ್ನು ಗುನುಗುತ್ತಿದ್ದವನು ನಾನೊಬ್ಬನೇ ಎಂಬುದು ಮಾತ್ರ ನನ್ನ ಕಿವಿಗೆ ಬೀಳಲಿಲ್ಲ.

ಎರಡು ದಿನಕ್ಕೆ ಅಕ್ಕನಿಂದ ಫೋನು ಬಂತು. "ತಮ್ಮಾ, ಮೇಸ್ತ್ರಿನ ಕರ್ಕಂಡು ಬಾ. ಮರಿ ಕಣ್ಣು ಮುಚ್ಕಂಡು ನಿಂತಾವೆ."

ಹೋದೆವು. ಬಾಗಿಲು ತೆಗೆಯುತ್ತಲೇ ವಾಸನೆ ಮೂಗಿಗಿಂತ ಮೊದಲು ಕಣ್ಣಿಗೆ ಹೊಡೆಯಿತು. ಕೋಳಿ ಹಿಕ್ಕೆ ನೆನೆದರೆ ಬರುವ ಆ ಘಾಟು ಗೊತ್ತಿರುವವರಿಗೆ ಗೊತ್ತು. ಗಂಟಲಿಗೆ ಸೂಜಿ ಹಾಕಿದ ಹಾಗಿರುತ್ತದೆ. ಹೊಟ್ಟು ಕೈಯಲ್ಲಿ ಹಿಡಿದರೆ ಉಂಡೆಯಾಗುತ್ತಿತ್ತು. ಮರಿಗಳ ರೆಕ್ಕೆ ಇಳಿಬಿದ್ದಿತ್ತು, ಕಣ್ಣಿನಲ್ಲಿ ನೀರು. ಒಂದು ಬುಟ್ಟಿಯಲ್ಲಿ ಸತ್ತವನ್ನು ಅಕ್ಕ ಎತ್ತಿಟ್ಟಿದ್ದರು, ಮೇಲೆ ಗೋಣಿಚೀಲ ಮುಚ್ಚಿದ್ದರು.

ಚಾವಣಿ ನೋಡಿದೆ. ನಾವು ಸುಕ್ಕಿಲ್ಲದೆ ಎಳೆದು ಕಟ್ಟಿದ್ದ ಶೀಟು ಒಂದು ಕಡೆ ಹೊಟ್ಟೆ ಬಿಟ್ಟುಕೊಂಡು ಜೋತಿತ್ತು. ಏಣಿ ಇಟ್ಟು ಹತ್ತಿ ಬೆರಳಲ್ಲಿ ಒತ್ತಿದೆ. ಟೇಪು ಬಿಚ್ಚಿಕೊಂಡು ಒಂದು ಕೊಡದಷ್ಟು ತಣ್ಣೀರು ನನ್ನ ನೆತ್ತಿಯ ಮೇಲೆ ಸುರಿಯಿತು. ಬೇರೆ ದಿನವಾಗಿದ್ದರೆ ಅದೊಂದನ್ನು ಇಟ್ಟುಕೊಂಡು ತಿಂಗಳುಗಟ್ಟಲೆ ಜನರನ್ನು ನಗಿಸುತ್ತಿದ್ದೆ. ಅವತ್ತು ಕೆಳಗೆ ಯಾರೂ ನಗಲಿಲ್ಲ, ಭಾವ ಕೂಡ.

ಮರಿಗಳ ಉಸಿರು, ಕುಡಿಯುವ ನೀರು, ಹಿಕ್ಕೆಯ ತೇವ ಎಲ್ಲವೂ ಆವಿಯಾಗಿ ಮೇಲೇರಿ, ಎಲ್ಲೋ ಒಂದು ಸಣ್ಣ ದಾರಿ ಹುಡುಕಿ ಶೀಟಿನ ಮೇಲ್ಗಡೆ ಹೋಗಿ, ತಣ್ಣಗಿನ ತಗಡಿಗೆ ತಾಗಿ, ನೀರಾಗಿ ಶೀಟಿನ ಮೇಲೇ ನಿಂತಿತ್ತು. ಮಿಕ್ಕಿದ್ದು ಕೆಳಗೇ ಹೊಟ್ಟಿಗೆ ಇಳಿದಿತ್ತು. ಒಲೆಗಳ ಕೆಟ್ಟ ಗಾಳಿಯೂ ಒಳಗೇ. ಅಷ್ಟು ಹೊತ್ತಿಗೆ ನನ್ನ ತಲೆಯೂ ಭಾರವಾಗಿತ್ತು. ಅಕ್ಕ ನಸುಕಿನಿಂದ ಅದರೊಳಗೇ ಇದ್ದವರು, ಕಂಬ ಹಿಡಿದು ನಿಂತಿದ್ದರು.

"ಮೊದ್ಲು ನೀವು ಹೊರಗೆ ಬರ್ರಿ" ಎಂದು ಮೇಸ್ತ್ರಿ ಅಕ್ಕನನ್ನು ಬಾಗಿಲಿಗೆ ಕಳಿಸಿದರು. "ಪರದೆ ಎತ್ತಲೇ."

ಶೆಡ್ಡಿನ ಎರಡೂ ಬದಿಗೆ ಮೊಣಕಾಲೆತ್ತರದ ಗೋಡೆ, ಅದರ ಮೇಲೆ ಜಾಲರಿ, ಜಾಲರಿಗೆ ಗೊಬ್ಬರದ ಚೀಲ ಹೊಲಿದು ಮಾಡಿದ ಪರದೆ. ನಮ್ಮ ಕಡೆ ಪರದೆಯನ್ನು ಮೇಲೆ ಕಟ್ಟಿ ಕೆಳಗಿನಿಂದ ಸುತ್ತಿಕೊಂಡು ಎತ್ತುತ್ತಾರೆ. ಎಲ್ಲ ಶೆಡ್ಡಿನಲ್ಲೂ ಹಾಗೇ. ಮನೆಯ ಕಿಟಕಿಗೆ ಚಾಪೆ ಕಟ್ಟಿದರೂ ಹಾಗೇ ಅಲ್ಲವೇ. ನಾನು ಒಂದು ಬದಿ ಎತ್ತಿದೆ. ಊರ ಕೆರೆ ಮೇಲಿನಿಂದ ಬಂದ ತಣ್ಣಗಿನ ಗಾಳಿ ಗೋಡೆ ಹಾರಿ ನೇರ ಮರಿಗಳ ಬೆನ್ನಿಗೆ ಹೊಡೆಯಿತು. ಒಮ್ಮೆಲೇ ಚೂಪು ಕೂಗು ಎದ್ದಿತು. ಅದು ಚಳಿಯ ಕೂಗು. ಸಾವಿರಾರು ಮರಿಗಳು ಆಚೆ ಮೂಲೆಗೆ ನುಗ್ಗಿ ಒಂದರ ಮೇಲೊಂದು ಏರತೊಡಗಿದವು. ಅಡಿಯಲ್ಲಿದ್ದವು ಉಸಿರುಕಟ್ಟಿ ಸಾಯುತ್ತವೆ. ನಾನು, ಮೇಸ್ತ್ರಿ, ಬಾಗಿಲಿನಿಂದ ಓಡಿ ಬಂದ ಅಕ್ಕ, ಮೂವರೂ ಮೊಣಕಾಲೂರಿ ಎರಡೂ ಕೈಯಲ್ಲಿ ಬಾಚಿ ಬಾಚಿ ಬಿಡಿಸಿದೆವು. ಭಾವ ಓಡಿಹೋಗಿ ಪರದೆ ಇಳಿಸಿದರು.

ಮುಚ್ಚಿದರೆ ಘಾಟು, ತೆಗೆದರೆ ಚಳಿ. ನಾವು ಬಾಗಿಲ ಹೊರಗೆ ಕಲ್ಲಿನ ಮೇಲೆ ಕೂತೆವು. ಕೈಯೆಲ್ಲ ಹಿಕ್ಕೆ, ತಲೆಯೆಲ್ಲ ನೀರು.

ಅಷ್ಟರಲ್ಲಿ ಸೂಪರ್‌ವೈಸರ್ ಬೈಕಿನಲ್ಲಿ ಬಂದ. ಬಾಗಿಲಲ್ಲಿ ಇಣುಕಿ ಮೂಗು ಹಿಡಿದುಕೊಂಡ.

"ಅಕ್ಕಾರೆ, ವೆಂಟಿಲೇಷನ್ ಇಂಪ್ರೂವ್ ಮಾಡಬೇಕು."

"ಹೆಂಗೆ ಸಾರ್?" ಎಂದೆ.

"ಅದು ನಿಮ್ ಕಡೆ ಮ್ಯಾನೇಜ್ಮೆಂಟು. ನಾನು ಹಿಂಗೇ ರಿಪೋರ್ಟ್ ಮಾಡಬೇಕಾಗುತ್ತೆ. ಮಾರ್ಟಾಲಿಟಿ ಹಿಂಗೇ ಏರಿದ್ರೆ ಮುಂದಿನ ಬ್ಯಾಚ್ ಮರಿ ಪ್ಲೇಸ್ಮೆಂಟ್ ಡೌಟು." ಔಷಧಿಯ ಒಂದು ಬಾಟಲಿ ಕೊಟ್ಟು, ಇನ್ನೂ ನಾಲ್ಕು ಶೆಡ್ಡು ನೋಡುವುದಿದೆ ಎಂದು ಹೊರಟ. ಮೊದಲಾದರೆ ಅವನ ಬೈಕು ತಿರುವು ದಾಟುವ ಮೊದಲೇ ನಾನು ಅವನಾಗುತ್ತಿದ್ದೆ. ಅವತ್ತು ಬಾಟಲಿಯ ಮೇಲಿನ ಚೀಟಿ ಓದುತ್ತ ಕೂತೆ.

ಭಾವ ಮೆಲ್ಲಗೆ ಹೇಳಿದರು, ಕುಹಕವಿಲ್ಲದೆ: "ಹೋಗ್ಲಿ ಬಿಡು. ನಿನ್ನ ಎದಿಗೂ ಒಳ್ಳೇದಲ್ಲ. ಇಷ್ಟಕ್ಕೇ ಸಾಕು ಮಾಡಾಣ."

ಅವರು ಚುಚ್ಚಿ ಮಾತಾಡಿದ್ದರೆ ಅಕ್ಕ ತಿರುಗಿ ಚುಚ್ಚುತ್ತಿದ್ದರು. ಇದು ಕನಿಕರ. ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಘಾಟಿಗೆ ನೀರು ಬರ್ತಾವೆ" ಎಂದರು.

ಮೇಸ್ತ್ರಿಯ ಲೆಕ್ಕ ಬೇರೆ ಇತ್ತು. "ಇನ್ನೂ ನಾಲ್ಕು ಒಲಿ ಹಚ್ರಿ. ಹೊಟ್ಟು ಒಣಗ್ತೈತೆ."

"ಇದ್ದಿಲು ಉಳಿಸಾಕಲ್ವಾ ನಿಮ್ಮನ್ನ ಕರೆದಿದ್ದು?" ಎಂದರು ಭಾವ. ಮೇಸ್ತ್ರಿ ಎಲೆಅಡಿಕೆ ಹುಡುಕತೊಡಗಿದರು.

ನನಗೆ ಒಂದೇ ಸಂಗತಿ ಬಗೆಹರಿಯದೆ ಕೊರೆಯುತ್ತಿತ್ತು. ಅದೇ ಶೀಟು, ಅದೇ ಟೇಪು, ಅದೇ ಜನ. ಸೊರಬದಲ್ಲಿ ಹೀಗೇಕೆ ಆಗಲಿಲ್ಲ? ಅಲ್ಲಿನ ಶೆಡ್ಡಿನವನಿಗೆ ಫೋನ್ ಹಚ್ಚಿದೆ. ನಿಮ್ಮಲ್ಲಿ ಹೊಟ್ಟು ನೆನೆದಿದೆಯಾ, ಶೀಟು ಜೋತಿದೆಯಾ ಎಂದು ಕೇಳಿದೆ.

"ಎಂತದೂ ಇಲ್ಲ ಮಾರಾಯ, ಎಲ್ಲ ಒಣ ಒಣ ಇದೆ" ಎಂದ. "ಒಂದೇ ತಮಾಷೆ ಅಂದ್ರೆ, ಬೆಳಿಗ್ಗೆ ಹೊತ್ತು ಹೆಂಚಿನ ಸಂದಿಯಿಂದ ಹಬೆ ಏಳ್ತದೆ. ಮೊನ್ನೆ ಪಕ್ಕದ ಮನೆಯವ್ರು ಶೆಡ್ಡಿಗೆ ಬೆಂಕಿ ಬಿತ್ತು ಅಂತ ಕೊಡಪಾನ ಹಿಡ್ಕಂಡು ಓಡಿ ಬಂದಿದ್ರು."

ಫೋನಿಟ್ಟೆ. ಅಲ್ಲಿ ನಾವು ಬಿಟ್ಟಿದ್ದ ಕುಂದೇ ಆ ಶೆಡ್ಡಿನ ಉಸಿರಾಟವಾಗಿತ್ತು. ಸೊಟ್ಟ ರೀಪಿನಲ್ಲಿ ಕೂರದ ಟೇಪು, ಬೆರಳಗಲದ ಸಂದು, ಅದರ ಮೇಲೆ ಬಿಗಿಯಾಗಿ ಕೂರದ ಹೆಂಚು. ತೇವ ಆ ದಾರಿಯಲ್ಲಿ ಹೋಗುತ್ತಿತ್ತು, ಕಾವು ಮಾತ್ರ ಬಹುಪಾಲು ಒಳಗೆ ಉಳಿಯುತ್ತಿತ್ತು. ಇಲ್ಲಿ ನಾವು ಕುಂದಿಲ್ಲದಂತೆ ಮಾಡಿದ್ದೆವು. ಬೆಚ್ಚಗಿಡುವುದೂ ಮುಚ್ಚಿಡುವುದೂ ಒಂದೇ ಅಂದುಕೊಂಡಿದ್ದೆವು.

"ನೆತ್ತಿ ಕೊಯ್ಬೇಕು" ಎಂದೆ. "ಈ ತುದಿಯಿಂದ ಆ ತುದಿವರೆಗೆ. ಹಳೇ ಕಂಡಿ ಇದ್ದಲ್ಲಿ ಶೀಟು ತೆಗೀಬೇಕು."

"ಲೇ, ಈಗ ಕಟ್ಟಿದ್ದಲೇ ಅದು!" ಮೇಸ್ತ್ರಿ ಎದ್ದು ನಿಂತರು. "ಕೆಳಗೆ ಮರಿ ಅದಾವೆ. ಈ ಚಳಿಯಾಗ ನೆತ್ತಿ ತೆಗೆದ್ರೆ ಕಾವು ಪೂರಾ ಹೋಗ್ತೈತೆ. ಊರು ಊರಾಗ ನಮ್ಮ ಕೆಲ್ಸ ನಾವೇ ಹರಿದು ಹಾಕಿದ್ವಿ ಅಂತ ಹೇಳ್ಕಂಡು ತಿರುಗಾನ?"

ಅಕ್ಕ ನನ್ನ ಕಡೆ ತಿರುಗಿದರು. "ತಮ್ಮಾ, ಈಗ ಯಾರಂಗೂ ಮಾಡಿ ತೋರಿಸಬ್ಯಾಡ. ನಿನಗೆ ಏನನ್ನಿಸ್ತೈತೆ, ಅಷ್ಟು ಹೇಳು."

ಹೇಳಿದೆ. ಕಂಡಿ ಅಗಲ ಬೇಡ, ಒಂದು ಗೇಣು ಸಾಕು. ಆದರೆ ಬರೀ ಮೇಲೆ ತೆಗೆದರೆ ಆಗುವುದಿಲ್ಲ, ಒಳಗೆ ಬರುವ ಗಾಳಿಗೂ ದಾರಿ ಬೇಕು, ಅದು ಮರಿಗಳ ಬೆನ್ನಿಗೆ ಹೊಡೆಯಬಾರದು. ಹಾಗಾಗಿ ಪರದೆಗಳನ್ನು ತಲೆಕೆಳಗು ಮಾಡಬೇಕು. ಕೆಳಗೆ ಗೋಡೆಗೆ ಮೊಳೆ ಹೊಡೆದು ಕಟ್ಟಿ, ಮೇಲಿನ ಅಂಚು ಹಗ್ಗದಲ್ಲಿ ಇಳಿಯುವಂತೆ ಮಾಡಿದರೆ ತಣ್ಣಗಿನ ಗಾಳಿ ಮೇಲಿನಿಂದ ಬಂದು, ಒಳಗಿನ ಬಿಸಿಗೆ ಬೆರೆತು ಆಮೇಲೆ ಕೆಳಗಿಳಿಯುತ್ತದೆ. ಇಷ್ಟು ಹೇಳಿ, "ಸರಿಯಾಗ್ತದೆ ಅಂತ ಬರೆದು ಕೊಡಾಕೆ ನನಗೆ ಆಗಲ್ಲ ಅಕ್ಕಾ. ಹಿಂಗೇ ಬಿಟ್ರೆ ಸಾಯ್ತಾವೆ ಅನ್ನೋದು ಮಾತ್ರ ಗೊತ್ತು" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಸ್ವಲ್ಪ ಕೀರಲು.

"ಕೊಯ್ರಿ" ಎಂದರು ಅಕ್ಕ.

ಬಿಸಿಲು ಏರುವ ತನಕ ಕಾದೆವು. ಮೊದಲು ಮರಿಗಳನ್ನು ಶೆಡ್ಡಿನ ಅರ್ಧಕ್ಕೆ ಸರಿಸಬೇಕು, ಇನ್ನರ್ಧದ ಮೇಲೆ ಕೆಲಸ ಮಾಡಬೇಕು, ಆಮೇಲೆ ಅವನ್ನು ಈಚೆ ತಂದು ಆಚೆ ಮಾಡಬೇಕು. ನಡುವೆ ಅಡ್ಡ ಪರದೆ ಬೇಕು, ಇಲ್ಲದಿದ್ದರೆ ಕಾವು ನಿಲ್ಲುವುದಿಲ್ಲ. ಶೆಡ್ಡಿನ ಅಗಲಕ್ಕೆ ಚಾವಣಿಯಿಂದ ನೆಲದವರೆಗೆ ಆಗುವಷ್ಟು ದೊಡ್ಡ ಪರದೆ ಎಲ್ಲಿಂದ ತರುವುದು? ಶಿರಾಳಕೊಪ್ಪಕ್ಕೆ ಹೋಗಿ ಬರುವಷ್ಟರಲ್ಲಿ ಬಿಸಿಲು ಇಳಿಯುತ್ತದೆ. ನಾವು ಹೀಗೆ ಯೋಚಿಸುತ್ತ ನಿಂತಾಗ ಭಾವ ಕಾಣಿಸಲಿಲ್ಲ. ಸ್ವಲ್ಪ ಹೊತ್ತಿಗೆ ಹೆಗಲ ಮೇಲೆ ನೀಲಿ ಗುಡ್ಡದಂಥದ್ದು ಹೊತ್ತು, ಕಾಲಷ್ಟೇ ಕಾಣುವಂತೆ ನಡೆದು ಬಂದರು. ಮೆಕ್ಕೆಜೋಳಕ್ಕೆ ಹೊದಿಸಿದ್ದ ತಾಡಪಾಲು.

"ಜೋಳ?" ಎಂದರು ಅಕ್ಕ.

"ಬಿಸಿಲು ಕಾಯ್ಲಿ, ಅದಕ್ಕೂ ಚಳಿಯಾಗಿರ್ತೈತೆ" ಎಂದು ಭಾವ ತಾಡಪಾಲನ್ನು ನನ್ನ ಕಾಲ ಮೇಲೇ ಕೆಡವಿದರು. "ಏನ್ ನೋಡ್ತೀಯಲೇ ಬಾತುಕೋಳಿ, ಏಣಿ ಹತ್ತು."

ಹತ್ತಿದೆ. ಮತ್ತೆ ಅದೇ ಕತ್ತು, ಅದೇ ಮೇಲೆತ್ತಿದ ಕೈ. ಕಟ್ಟುವುದಕ್ಕಿಂತ ಬಿಚ್ಚುವುದು ಹೆಚ್ಚು ದಣಿವು ಎಂದು ಅವತ್ತು ತಿಳಿಯಿತು. ಕಟ್ಟುವಾಗ ಒಂದೊಂದು ಗಜಕ್ಕೂ ಕೆಲಸ ಮುಂದೆ ಹೋದ ಹಾಗನ್ನಿಸುತ್ತದೆ. ಬಿಚ್ಚುವಾಗ ನಿನ್ನ ಕೈಯನ್ನು ನೀನೇ ಹಿಂದಕ್ಕೆ ಎಳೆದುಕೊಂಡ ಹಾಗೆ. ಮೇಸ್ತ್ರಿ ಕೆಳಗೆ ಬಕೆಟ್ಟು ಹಿಡಿದು ನಿಂತರು, ಶೀಟಿನ ಮೇಲೆ ನಿಂತ ನೀರು ಮತ್ತೆ ಹೊಟ್ಟಿಗೆ ಬೀಳದ ಹಾಗೆ. ಕೊಯ್ದ ಅಂಚುಗಳನ್ನು ತಂತಿಗೆ ಮಡಚಿ ಕಟ್ಟಿದೆ. ಅಕ್ಕ ಬಾಗಿಲ ಬಳಿ ಬಿಸಿಲಿಗೆ ಕೂತು ದಬ್ಬಣದಲ್ಲಿ ಪರದೆಗಳ ಅಂಚಿಗೆ ಹಗ್ಗ ಹೊಲಿದರು. ಭಾವ ಆ ಹೊಲಿದದ್ದನ್ನು ತಲೆಕೆಳಗಾಗಿ ಕಟ್ಟುತ್ತ, "ಎಲ್ಲಾ ಶೆಡ್ಡಿನಾಗೂ ಪರದೆ ಮೇಲೆ ಹೋಗ್ತಾವೆ, ನಮ್ಮ ಮನ್ಯಾಗೆ ಮಾತ್ರ ಇಳಿದು ಬರ್ತಾವೆ" ಎಂದು ಗೊಣಗುತ್ತಿದ್ದರು. ಆದರೆ ಗಂಟು ಒಂದೂ ಸಡಿಲವಾಗಿರಲಿಲ್ಲ.

ಮೊದಲ ಅರ್ಧ ಮುಗಿದು ಪರದೆಯ ಮೇಲಿನ ಅಂಚನ್ನು ಅಂಗೈಯಗಲ ಇಳಿಸಿದಾಗ ಭಾವ ಬೀಡಿ ಹಚ್ಚಿ ಅದರ ಹೊಗೆ ನೋಡೋಣ ಎಂದರು. ಕೋಳಿ ಶೆಡ್ಡಿನೊಳಗೆ ಬೀಡಿ ಎಂದು ಅಕ್ಕ ಬೈದರು. ಬೈಗುಳ ಮುಗಿಯುವುದರೊಳಗೆ ಹೊಗೆ ಮೇಲೇರಿ, ನೆತ್ತಿಯ ಕಂಡಿ ಹುಡುಕಿಕೊಂಡು ಹೊರಗೆ ಹೋಯಿತು. ನಾಲ್ವರೂ ಬಾಯಿ ತೆರೆದು ಅದನ್ನೇ ನೋಡಿದೆವು. ಅಕ್ಕ ಭಾವನ ಕೈಯಿಂದ ಬೀಡಿ ಕಿತ್ತು ಬಕೆಟ್ಟಿನ ನೀರಿಗೆ ಹಾಕಿದರು.

ಒದ್ದೆ ಹೊಟ್ಟನ್ನು ಕೆರೆದು ಹೊರಗೆ ಹಾಕಿ, ಸುಣ್ಣ ಉದುರಿಸಿ, ಹೊಸ ಹೊಟ್ಟು ಹರಡಿ, ಇನ್ನರ್ಧವನ್ನೂ ಮುಗಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ಸತ್ತ ಮರಿಗಳಿಗೆ ಭಾವ ಗುಂಡಿ ತೋಡಿದ್ದರು. ಬುಟ್ಟಿ ಬೆಳಿಗ್ಗೆಗಿಂತ ಭಾರವಾಗಿತ್ತು. ಸುಣ್ಣ ಹಾಕಿ ಮುಚ್ಚಿದರು.

ಮರುದಿನವೂ ಸತ್ತವು, ಅದರ ಮರುದಿನವೂ. ಆಮೇಲೆ ಕಡಿಮೆಯಾಯಿತು. ನಾನು ದಿನಾ ಬೆಳಿಗ್ಗೆ ಹೋಗಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಮೊದಲು ಅದೇ ಮೌನ. ಅದು ಸುಖದ ಮೌನವಲ್ಲ, ಉಸಿರು ಸಾಲದವರ ಮೌನ ಎಂದು ಈಗ ಕಿವಿಗೆ ಗೊತ್ತಾಗುತ್ತಿತ್ತು. ಒಂದು ಬೆಳಿಗ್ಗೆ ಒಲೆಯ ಹತ್ತಿರದ ಗುಂಪಿನಲ್ಲಿ ಗಂಟಲಲ್ಲೇ ಗುನುಗುವ ದನಿ ಕೇಳಿಸಿತು. ಇನ್ನೊಂದು ಗುಂಪು ಸೇರಿಕೊಂಡಿತು. ಫೀಡಿನ ತಟ್ಟೆಗಳ ಮೇಲೆ ಕೊಕ್ಕಿನ ಸದ್ದು ಶುರುವಾಯಿತು. ನಾನು ಅದನ್ನು ಮಾಡಿ ತೋರಿಸಲು ಹೋಗಲಿಲ್ಲ.

ಇದ್ದಿಲಿನ ಲೆಕ್ಕದಲ್ಲಿ ನಾವು ಜಂಬ ಪಟ್ಟಿದ್ದಷ್ಟು ಉಳಿಯಲಿಲ್ಲ. ನೆತ್ತಿ ತೆಗೆದ ಮೇಲೆ ಎರಡು ಒಲೆ ಹೆಚ್ಚು ಹಚ್ಚಬೇಕಾಯಿತು. ಆದರೂ ಹಿಂದಿನ ಚಳಿಗಾಲಕ್ಕೆ ಹೋಲಿಸಿದರೆ ಬಹಳ ಕಡಿಮೆ. ಇದ್ದ ಹೊಗೆಯೂ ಮೇಲೆ ಹೋಗುತ್ತಿತ್ತು. ಅಕ್ಕ ಕೆಮ್ಮುತ್ತಿದ್ದರು, ಆದರೆ ಮಾತಿನ ನಡುವೆ ಒಮ್ಮೆ. ಮೊದಲಿನ ಹಾಗೆ ಕೆಮ್ಮಿನ ನಡುವೆ ಮಾತಲ್ಲ. ಮೇಸ್ತ್ರಿ ಸೊರಬಕ್ಕೆ ಹೋಗಿ ಎಲ್ಲೆಲ್ಲಿ ಏನೇನು ಮುಚ್ಚಿದ್ದೇವೆ ಎಂದು ನೋಡಿಕೊಂಡು ಬಂದರು. ಮುಂದಿನ ಶೆಡ್ಡಿನಲ್ಲಿ ಶೀಟು ಇಳಿಸುವ ಮೊದಲು, "ಲೇ, ಮೊದ್ಲು ಗಾಳಿ ಎಲ್ಲಿಂದ ಬರ್ತೈತೆ ಎಲ್ಲಿಂದ ಹೋಗ್ತೈತೆ ನೋಡು, ಆಮೇಲೆ ಟೇಪು ತೆಗಿ" ಎಂದರು, ತಾವೇ ಕಂಡುಹಿಡಿದವರ ಹಾಗೆ.

ಬ್ಯಾಚು ಲಾರಿ ಹತ್ತುವಾಗ ನಾನಿರಲಿಲ್ಲ. ತೂಕ ಹೇಳಿಕೊಳ್ಳುವಷ್ಟು ಬಂದಿಲ್ಲ, ತಲೆ ತಗ್ಗಿಸುವಷ್ಟು ಕೆಟ್ಟಿಲ್ಲ ಎಂದು ಅಕ್ಕ ಫೋನಿನಲ್ಲಿ ಹೇಳಿದರು. ಸೂಪರ್‌ವೈಸರ್ "ಪರವಾಗಿಲ್ಲ" ಎಂದನಂತೆ, ಕನ್ನಡದಲ್ಲೇ ಹೇಳಿದನಂತೆ. ಅದು ಚಲೋ ಬಂದದ್ದೋ ಹೋದದ್ದೋ? ಒಪ್ಪಂದದ ಪ್ರಕಾರ ಶೆಡ್ಡು ಯಾರದ್ದು? ಕೇಳಲು ಧೈರ್ಯ ಬರಲಿಲ್ಲ.

ಬೇಸಿಗೆ ಹತ್ತುವ ಮುಂಚೆ ಶೀಟಿನ ತಂತಿ ಬಿಗಿ ಮಾಡಲು ಹೋದೆ. ತೊಗರ್ಸಿಯ ಕೆಲಸ ಮುಗಿಸಿ ನೇರ ಬಂದಿದ್ದೆ, ಕತ್ತು ಹಿಡಿದಿತ್ತು, ಕಣ್ಣು ಎಳೆಯುತ್ತಿದ್ದವು. ಮನೆಯ ಪಡಸಾಲೆಗೆ ಕಾಲಿಟ್ಟರೆ ಕಾಲಿಡಲು ಜಾಗವಿಲ್ಲ. ಗೋಡೆಯಿಂದ ಗೋಡೆಗೆ ಮೆಕ್ಕೆಜೋಳದ ಚೀಲ. ಟೀವಿ ಒಂದು ಚೀಲದ ಮೇಲೆ, ಭಾವ ಇನ್ನೊಂದರ ಮೇಲೆ.

"ಬಾರಲೇ, ಕುತ್ಗ" ಎಂದರು. "ಸೋಫಾ ಹೊಸಾದು."

"ಅಕ್ಕ ಎಲ್ಲಿ ಭಾವಾ?"

"ಎಲ್ಲಿರ್ತಾಳೆ? ನಿನ್ನೆ ಮರಿ ಬಂದಾವೆ. ಅವಳ ಮನಿ ಅದು, ಇದು ನನ್ನ ಗೋದಾಮು."

ಒಳಗಿನಿಂದ ಚಹಾ ಅವರೇ ತಂದುಕೊಟ್ಟರು. ಒಂದು ಗುಟುಕು ಕುಡಿದದ್ದು ನೆನಪಿದೆ. ಚೀಲಕ್ಕೆ ಒರಗಿದೆ, ಒಣ ಜೋಳ ಬೆನ್ನಿಗೆ ತಕ್ಕ ಹಾಗೆ ಮೆಲ್ಲಗೆ ಸರಿದು ಗುಳಿ ಮಾಡಿಕೊಟ್ಟಿತು. ತಿಂಗಳುಗಳ ಮೇಲೆ ಮೊದಲ ಸಲ ನನ್ನ ತಲೆ ಮುಂದಕ್ಕೆ ವಾಲಿತು.

ಎಚ್ಚರವಾದಾಗ ಹೊರಗೆ ಟ್ರ್ಯಾಕ್ಟರಿನ ಸದ್ದು. ಭಾವ ನನ್ನ ಭುಜ ಅಲ್ಲಾಡಿಸುತ್ತಿದ್ದರು.

"ಏಳಪ್ಪಾ, ಕಣದಾಗಿನ ಉಳಿದ ಲೋಡು ಬಂತು" ಎಂದರು. "ನೀ ಮಲಗಿದ್ದಷ್ಟೇ ಜಾಗ ಉಳಿದೈತೆ."